ಇಪ್ಪತ್ತು ಲಕ್ಷ ಪುಸ್ತಕ: ಓದೋರ್ಯಾರು, ಲೆಕ್ಕ ಇಡೋರ್ಯಾರು?

ಪಾಂಡವಪುರ: ಮನೆಯಲ್ಲಿ ಹತ್ತು ಪುಸ್ತಕ ಓದದೆ ಬಿದ್ದಿದ್ದರೆ ಮನೆಯವರು ಗೊಣಗುತ್ತಾರೆ. ನೂರಾದರೆ ಅಟ್ಟ ಸೇರುತ್ತವೆ. ಸಾವಿರವಾದರೆ ಗುಜರಿಯವನ ತಕ್ಕಡಿ ನೆನಪಾಗುತ್ತದೆ. ಇಪ್ಪತ್ತು ಲಕ್ಷವಾದರೆ? ಆಗ ಪದ್ಮಶ್ರೀ ಬರುತ್ತದೆ!

ತಮಾಷೆ ಮಾತಲ್ಲ. ಪಾಂಡವಪುರ ತಾಲ್ಲೂಕು ಹರಳಹಳ್ಳಿಯಲ್ಲಿ ‘ಪುಸ್ತಕ ಮನೆ’ ಮಾಡಿಕೊಂಡು ಕೂತಿರುವ ಅಂಕೇಗೌಡರಿಗೆ 2026ರ ಗಣರಾಜ್ಯೋತ್ಸವದ ಹೊತ್ತಿಗೆ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿತು. ಅವರ ಹತ್ತಿರ ಇರುವ ಪುಸ್ತಕಗಳು ಸುಮಾರು 20 ಲಕ್ಷ, ಭಾಷೆಗಳು ಸುಮಾರು 20. ದಿನಕ್ಕೊಂದರಂತೆ ಒಬ್ಬ ಓದುತ್ತಾ ಹೋದರೂ ಮುಗಿಯೋದಕ್ಕೆ ಐದು ಸಾವಿರದ ನಾನೂರು ವರ್ಷ ಮೀರುತ್ತದೆ. ಅಂದಮೇಲೆ ‘ಇಷ್ಟನ್ನೂ ಓದಿದ್ದೀರಾ ಸ್ವಾಮಿ?’ ಅನ್ನೋ ಪ್ರಶ್ನೆಗೆ ಅರ್ಥವೇ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ.

ಕಂಡಕ್ಟರ್ ಆಗಿದ್ದವರು

ಅಂಕೇಗೌಡರು ರೈತರ ಮನೆಯ ಮಗ. ಚಿಕ್ಕಂದಿನಲ್ಲಿ ಪುಸ್ತಕ ಕೈಗೆಟುಕುವ ಸ್ಥಿತಿ ಇರಲಿಲ್ಲ. ಬಸ್ ಕಂಡಕ್ಟರ್ ಕೆಲಸ ಮಾಡಿದರು. ಪುಸ್ತಕ ಕೊಳ್ಳುವ ಚಟ ಅಂಟಿದ್ದೂ ಆ ಹೊತ್ತಿಗೇ. ಆಮೇಲೆ ಓದು ಮುಂದುವರಿಸಿ ಕನ್ನಡ ಎಂ.ಎ. ಮಾಡಿಕೊಂಡರು. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಹತ್ತಿರ ದುಡಿದರು. ಸಂಬಳದ ದೊಡ್ಡ ಪಾಲು ಪುಸ್ತಕದಂಗಡಿಗೇ ಹೋಯಿತು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಇಡೋದಕ್ಕೆ ಜಾಗ ಸಾಲದಾದಾಗ ಉದ್ಯಮಿ ಹರಿ ಖೋಡೆ ಅವರ ನೆರವಿನಿಂದ ಕಟ್ಟಡ ಎದ್ದಿತು. ಲಿಮ್ಕಾ ದಾಖಲೆ ಪುಸ್ತಕದಲ್ಲೂ ಹೆಸರು ಬಂತು.

ಇಲ್ಲಿ ಪ್ರವೇಶ ಉಚಿತ. ಪರೀಕ್ಷೆಗೆ ಕೂರುವ ಹುಡುಗರು, ಸಂಶೋಧನೆ ಮಾಡುವವರು, ಸುಮ್ಮನೆ ನೋಡಿ ಹೋಗೋಣ ಅಂತ ಬರುವವರು, ಎಲ್ಲರಿಗೂ ಬಾಗಿಲು ತೆರೆದಿದೆ. ಎಪ್ಪತ್ತು ದಾಟಿದ ಗೌಡರೂ ಅವರ ಮನೆಯವರೂ ಪುಸ್ತಕಗಳ ನಡುವೆಯೇ ಬಾಳುತ್ತಾರೆ. ಧೂಳು ಹೊಡೆಯುವವರೂ ಅವರೇ, ಬಂದವರನ್ನು ಮಾತಾಡಿಸುವವರೂ ಅವರೇ.

ಸ್ಟಾಕ್ ಬುಕ್ಕಿಲ್ಲದ ಗೋದಾಮು

ಈಗ ವಿಷಯಕ್ಕೆ ಬರೋಣ. ಹರಳಹಳ್ಳಿ ಮನೆಯಲ್ಲಿ ಕಪಾಟುಗಳು ತುಂಬಿ ಪುಸ್ತಕಗಳು ನೆಲಕ್ಕಿಳಿದಿವೆ. ಲಕ್ಷಗಟ್ಟಲೆ ಪುಸ್ತಕಗಳು ಇನ್ನೂ ಮೂಟೆ ಬಿಚ್ಚಿಸಿಕೊಂಡಿಲ್ಲ. ಸಂಬಳದ ಲೈಬ್ರರಿಯನ್ ಇಲ್ಲ.

ಅಂಗಡಿ ಇಟ್ಟವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಗೋದಾಮಿನಲ್ಲಿ ಸಾವಿರ ಮೂಟೆ ಇದೆ, ಯಾವ ಮೂಟೆಯಲ್ಲಿ ಬೇಳೆ, ಯಾವುದರಲ್ಲಿ ಬೆಲ್ಲ ಅನ್ನೋದಕ್ಕೆ ಚೀಟಿ ಇಲ್ಲ ಅಂತಿಟ್ಟುಕೊಳ್ಳಿ. ಗಿರಾಕಿ ಬಂದು ಅರ್ಧ ಕಿಲೋ ಬೆಲ್ಲ ಕೇಳಿದರೆ ಏನು ಮಾಡ್ತೀರಿ? ಮಾಲು ಇದ್ದೂ ಇಲ್ಲದ ಹಾಗೆ. ಪುಸ್ತಕದ ಹಣೆಬರಹವೂ ಇಷ್ಟೇ. ಇದೆ ಅಂತ ಗೊತ್ತಿಲ್ಲದ ಪುಸ್ತಕವನ್ನು ಯಾರೂ ಕೇಳೋದಿಲ್ಲ.

ಪಟ್ಟಿ ಮಾಡೋದು ಎಷ್ಟು ಹೊತ್ತಿನ ಕೆಲಸ? ಒಂದು ಪುಸ್ತಕ ಎತ್ತಿ, ಧೂಳು ಕೊಡವಿ, ಹೆಸರು, ಲೇಖಕ, ಇಸವಿ, ವಿಷಯ ಬರೆದು, ನಂಬರು ಹಾಕಿ ಜಾಗಕ್ಕಿಡಲು ಮೂರು ನಿಮಿಷ ಅನ್ನಿ. 20 ಲಕ್ಷ ಪುಸ್ತಕಕ್ಕೆ ಒಂದು ಲಕ್ಷ ಗಂಟೆ ಆಯಿತು. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ ಒಬ್ಬನಿಗೆ 41 ವರ್ಷ ದಾಟುತ್ತದೆ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಕೂಡಿಸಿದ್ದನ್ನು ಪಟ್ಟಿ ಮಾಡೋದಕ್ಕೆ ಇನ್ನೊಂದು ಜನ್ಮವೇ ಬೇಕು. ಹತ್ತು ಜನ ಕೂತರೆ ನಾಲ್ಕು ವರ್ಷದ ಸುಮಾರಿಗೆ ಮುಗಿಯುತ್ತದೆ.

ರೂಪಾಯಿಗೆ ಆರು ಪೈಸೆ

ಪುಸ್ತಕ ಇರೋದು ಬಳಸೋದಕ್ಕೆ, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದೇ ಇದ್ದಾನೆ, ಹುಡುಕಿಕೊಂಡು ಬಂದವನ ಹೊತ್ತು ಹಾಳು ಮಾಡಬಾರದು. ಹೀಗೆ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟವರು ಎಸ್.ಆರ್. ರಂಗನಾಥನ್. 1931ರಷ್ಟು ಹಿಂದೆಯೇ ಈ ಸೂತ್ರಗಳ ಪುಸ್ತಕ ಬಂತು. ಗ್ರಂಥಾಲಯ ಅನ್ನೋದು ಬೆಳೆಯುತ್ತಲೇ ಇರುವ ಜೀವಿ ಅನ್ನೋದು ಅವರ ಐದನೇ ಸೂತ್ರ. ಅಂದರೆ ಗುಡ್ಡೆ ಬೆಳೆಯೋದು ತಪ್ಪಲ್ಲ. ಬೆಳೆದಂತೆಲ್ಲ ವಿಂಗಡಣೆಯೂ ಬೆಳೆಯಬೇಕು, ಅಷ್ಟೇ. ಮದ್ರಾಸು ಕಡೆಯ ಈ ಗಣಿತದ ಮೇಷ್ಟ್ರು ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. ಪುಸ್ತಕ ವಿಂಗಡಿಸುವ ವಿದ್ಯೆ ಕಲಿಸೋ ತರಬೇತಿ ಕೇಂದ್ರವನ್ನು 1962ರಲ್ಲಿ ಶುರು ಮಾಡಿದ್ದೂ ಅಲ್ಲೇ.

ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಅದರ ಪ್ರಕಾರ ಮನೆ, ಅಂಗಡಿ ಕಂದಾಯದ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಕಂದಾಯದ ರೂಪಾಯಿಗೆ 6 ಪೈಸೆ. ರಸೀದಿ ತೆಗೆದು ನೋಡಿ, ಇರುತ್ತದೆ. ಅಂದಮೇಲೆ ಲೈಬ್ರರಿಯ ವಿಷಯ ಓದೋ ಹುಚ್ಚಿನವರದು ಮಾತ್ರ ಅಂತ ಅಂಗಡಿಯವರು ಕೈ ಕೊಡವೋ ಹಾಗಿಲ್ಲ. ಗಲ್ಲಾದಿಂದ ಆಗಲೇ ದುಡ್ಡು ಹೋಗಿದೆ!

ಮನೆ ಗುಡ್ಡೆಗೆ ಮದ್ದು

ಹರಳಹಳ್ಳಿ ದೂರ ಇರಲಿ, ಮನೆಮನೆಯಲ್ಲೂ ಚಿಕ್ಕ ಹರಳಹಳ್ಳಿ ಇದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿಂದ ತಂದ ಪುಸ್ತಕಗಳಲ್ಲಿ ಎಷ್ಟು ಚೀಲದಿಂದ ಆಚೆ ಬಂದಿವೆ? ಎದೆ ಮುಟ್ಟಿಕೊಂಡು ಹೇಳಿ. ಕೊಂಡು ತಂದು ಓದದೆ ಪೇರಿಸೋದಕ್ಕೆ ಜಪಾನಿನವರು ‘ತ್ಸುಂಡೊಕು’ ಅಂತ ಒಂದು ಪದವನ್ನೇ ಇಟ್ಟುಕೊಂಡಿದ್ದಾರೆ. ರೋಗ ನಮ್ಮೊಬ್ಬರದೇ ಅಲ್ಲ.

ಮದ್ದು ಮಾತ್ರ ಅಂಗಡಿಯವರ ಹತ್ತಿರವೇ ಇದೆ. ಮೊದಲು ಸ್ಟಾಕ್ ತೆಗೆಯಬೇಕು. ಒಂದು ಇನ್ನೂರು ಪುಟದ ನೋಟ್ ಬುಕ್ಕು ಸಾಕು. ಕ್ರಮಸಂಖ್ಯೆ, ಪುಸ್ತಕದ ಹೆಸರು, ಬರೆದವರು, ಮನೆಗೆ ಬಂದ ತಾರೀಖು, ಎರವಲು ಒಯ್ದವರ ಹೆಸರು: ಐದು ಕಾಲಂ. ಅದೇ ನಂಬರನ್ನು ಪುಸ್ತಕದ ಒಳಪುಟದಲ್ಲಿ ಪೆನ್ಸಿಲಿನಲ್ಲಿ ಹಾಕಿದರೆ ಆಯಿತು. ನೂರು ಪುಸ್ತಕಕ್ಕೆ ಐದು ಗಂಟೆ, ಒಂದು ಭಾನುವಾರದ ಕೆಲಸ. ಒಂದೇ ಪುಸ್ತಕ ಎರಡು ಸಲ ಕೊಂಡಿದ್ದು ಪತ್ತೆಯಾಗೋದೂ ಆವತ್ತೇ.

ಆಮೇಲೆ ಮೂರು ಪಾಲು ಮಾಡಬೇಕು. ಈ ವರ್ಷ ಓದೋದು ಒಂದು. ಬೇಕಾದಾಗ ತೆಗೆದು ನೋಡೋದು ಇನ್ನೊಂದು. ನಿಘಂಟು, ಅಡುಗೆ, ಕಾನೂನು, ವೈದ್ಯದ ಪುಸ್ತಕಗಳು ಈ ಪಾಲಿಗೆ. ಇವನ್ನು ಮೊದಲಿಂದ ಕೊನೆವರೆಗೆ ಓದಲಿಲ್ಲ ಅಂತ ಯಾರೂ ಕೊರಗಬೇಕಾಗಿಲ್ಲ. ಮೂರನೆಯದು, ಇನ್ನು ನಮ್ಮ ಕೈಯಲ್ಲಿ ಓದೋಕಾಗೋಲ್ಲ ಅನ್ನೋದು. ಅದನ್ನು ಶಾಲೆಗೋ, ಈಗ ‘ಅರಿವು ಕೇಂದ್ರ’ ಅಂತ ಹೆಸರಾಗಿರುವ ಪಂಚಾಯ್ತಿ ಲೈಬ್ರರಿಗೋ ಕೇಳಿಕೊಂಡು ಕೊಡಬಹುದು. ಕೇಳದೆ ಒಯ್ದು ಸುರಿಯಬಾರದು. ಹರಿದ ಗೈಡು, ಸಿಲೆಬಸ್ ಬದಲಾದ ಪಠ್ಯಪುಸ್ತಕ ಕೊಟ್ಟು ದಾನ ಮಾಡಿದೆ ಅನ್ನೋದು ಕಸವನ್ನು ಪಕ್ಕದ ಮನೆ ಬಾಗಿಲಿಗೆ ತಳ್ಳಿದ ಹಾಗೆ.

ಓದೋಕೆ ಟೈಮೆಲ್ಲಿದೆ ಅಂತೀರಾ? ಮೈಸೂರಿಗೋ ಮಂಡ್ಯಕ್ಕೋ ದಿನಾ ಬಸ್ಸಿನಲ್ಲಿ ಓಡಾಡುವವರು ಲೆಕ್ಕ ಹಾಕಲಿ. ಹೋಗುವಾಗ ಹತ್ತು ಪುಟ, ಬರುವಾಗ ಹತ್ತು ಪುಟ. ಬಸ್ಸು ಕುಲುಕಿದರೂ, ನಿಂತು ಹೋದ ದಿನ ಬಿಟ್ಟರೂ, 200 ಪುಟದ ಪುಸ್ತಕ ಎರಡು ವಾರದಲ್ಲಿ ಮುಗಿಯುತ್ತದೆ. ವರ್ಷಕ್ಕೆ ಇಪ್ಪತ್ತೈದರ ಹತ್ತಿರ ಆಯಿತು. ಅದಕ್ಕಿಂತ ಜಾಸ್ತಿ ಕೊಂಡರೆ ಗುಡ್ಡೆ ಬೆಳೆಯುತ್ತದೆ, ಕಡಿಮೆ ಕೊಂಡರೆ ಕರಗುತ್ತದೆ. ಜಮಾ ಖರ್ಚು ಅಂದರೆ ಇದೇ.

ಇಡುವಾಗ ನೆಲದ ಮೇಲೆ ಬೇಡ, ಗೋಡೆಗೆ ಆನಿಸಿಯೂ ಬೇಡ. ಗೆದ್ದಲು ಬರೋದು ಆ ದಾರಿಯಲ್ಲೇ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಮಳೆಗಾಲದ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಕೈಯಾಡಿಸಿದರೆ ಹುಳಕ್ಕೆ ನೆಲೆಯಿಲ್ಲ.

ನಾಳೆ ಏನು?

ಪುಸ್ತಕಕ್ಕೆ ಹುಳ ಒಂದೇ ಶತ್ರು ಅಲ್ಲ. 2021ರ ಏಪ್ರಿಲಿನಲ್ಲಿ ಮೈಸೂರಿನಲ್ಲಿ ಕೂಲಿ ಕಾರ್ಮಿಕರೊಬ್ಬರು ಬಡಾವಣೆಯ ಜನರಿಗಾಗಿ ನಡೆಸುತ್ತಿದ್ದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 11 ಸಾವಿರ ಪುಸ್ತಕ ಒಂದೇ ಬೆಳಗಿನ ಜಾವ ಬೂದಿಯಾದವು. ಇಂಥ ಹೊತ್ತಿನಲ್ಲಿ ಪಟ್ಟಿಯಿದ್ದರೆ ಹೋದದ್ದೇನು ಅಂತಾದರೂ ಗೊತ್ತಾಗುತ್ತದೆ, ಮತ್ತೆ ಕೂಡಿಸಬಹುದು. ಪಟ್ಟಿ ಇಲ್ಲದಿದ್ದರೆ ಹೋದದ್ದರ ಹೆಸರೂ ಹೋಗುತ್ತದೆ.

ಬೆಂಕಿಗಿಂತ ನಿಧಾನವಾಗಿ, ಆದರೆ ಖಂಡಿತವಾಗಿ ಬರೋದು ವಯಸ್ಸು. ಪುಸ್ತಕ ಕೂಡಿಸಿದ ಹಿರಿಯರು ಕಣ್ಣು ಮುಚ್ಚಿದ ಮೇಲೆ ಮಕ್ಕಳಿಗೆ ಯಾವುದು ಅಪರೂಪದ್ದು, ಯಾವುದು ಹಳೇ ಗೈಡು ಅಂತ ತಿಳಿಯೋದಿಲ್ಲ. ಎರಡೂ ಒಂದೇ ತಕ್ಕಡಿಯಲ್ಲಿ ಒಂದೇ ದರಕ್ಕೆ ಹೋಗುತ್ತವೆ. ಎಷ್ಟೋ ಮೇಷ್ಟ್ರುಗಳ, ವಕೀಲರ ಪುಸ್ತಕಗಳು ಪೊಟ್ಟಣವಾಗಿದ್ದು ಹೀಗೆ. ಹರಳಹಳ್ಳಿಯ ಮೂಟೆಗಳಿಗೆ ಆ ಗತಿ ಬರಬಾರದು.

ದಾರಿ ಇಲ್ಲದಿಲ್ಲ. ಕಾಲೇಜುಗಳ ಎನ್ನೆಸ್ಸೆಸ್ ಶಿಬಿರ ಏಳು ದಿನದ್ದು. ಐವತ್ತು ಹುಡುಗ ಹುಡುಗಿಯರು ದಿನಕ್ಕೆ ಆರು ಗಂಟೆ ಕೂತರೆ ಮೂರು ನಿಮಿಷದ ಲೆಕ್ಕದಲ್ಲಿ ಒಂದು ಶಿಬಿರಕ್ಕೆ 42 ಸಾವಿರ ಪುಸ್ತಕ ಪಟ್ಟಿಯಾಗುತ್ತದೆ. ಅಂಥ 48 ಶಿಬಿರವಾದರೆ 20 ಲಕ್ಷವೂ ಮುಗಿಯಿತು. ಮಂಡ್ಯ, ಮೈಸೂರು ಎರಡೂ ಜಿಲ್ಲೆಯ ಕಾಲೇಜುಗಳು ವರ್ಷಕ್ಕೆ ಹನ್ನೆರಡು ಶಿಬಿರ ಹಂಚಿಕೊಂಡರೆ ನಾಲ್ಕು ವರ್ಷದ ಕೆಲಸ. ಹೇಗೆ ಬರೆಯಬೇಕು ಅಂತ ತೋರಿಸಿಕೊಡಲು ಗ್ರಂಥಾಲಯ ಇಲಾಖೆಯ ಇಬ್ಬರು ಬಲ್ಲವರು ಬೇಕು. ಊಟಕ್ಕೆ, ಕಪಾಟಿಗೆ ಊರ ವರ್ತಕರು ಕೈ ಜೋಡಿಸಬೇಕು.

ಗೌಡರು ಕೊಂಡರು, ಹೊತ್ತು ತಂದರು, ಐವತ್ತು ವರ್ಷ ಕಾದರು. ಪದ್ಮಶ್ರೀ ಬಂದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಿದ ಕೈಗಳು ಇನ್ನು ಪೆನ್ನು ಹಿಡಿಯಬೇಕು. ಗೌಡರು ಇನ್ನೂ ನಮ್ಮ ನಡುವೆ ಇರುವಾಗಲೇ, ‘ಇದು ಯಾವ ಪುಸ್ತಕ, ಎಲ್ಲಿಂದ ಬಂತು?’ ಅಂತ ಕೇಳಿದರೆ ಹೇಳುವವರು ಇರುವಾಗಲೇ, ಈ ಕೆಲಸ ಶುರುವಾಗಬೇಕು.