ಶಾಲಾ ಮೈದಾನದ ಹಾಕಿ: ನಿಯಮದ ಅಕ್ಷರವೂ ಅಂತರಾರ್ಥವೂ

ಹಾಕಿಯಾಟವು ನಮ್ಮ ದೇಶಕ್ಕೆ ತಂದುಕೊಟ್ಟ ಕೀರ್ತಿಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಲಿಂಪಿಕ್ ಕೂಟದಲ್ಲಿ ನಮ್ಮವರು 29 ಗೋಲುಗಳನ್ನು ಹೊಡೆದು, ತಮ್ಮ ಮೇಲೆ ಒಂದನ್ನೂ ಹೊಡೆಯಗೊಡದೆ ಸುವರ್ಣಪದಕವನ್ನು ಗೆದ್ದುಬಂದರು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಲಂಡನ್ನಿನಲ್ಲಿ ಬ್ರಿಟನ್ನಿನ ತಂಡವನ್ನು ಅದರ ನೆಲದ ಮೇಲೆಯೇ 4-0 ಅಂತರದಿಂದ ಸೋಲಿಸಿದರು. ಇಂಥ ಪರಂಪರೆಯುಳ್ಳ ನಾಡಿನಲ್ಲಿ, ಸಂಜೆಯ ಹೊತ್ತು ಯಾವುದಾದರೊಂದು ಶಾಲೆಯ ಮೈದಾನದ ಅಂಚಿನಲ್ಲಿ ಹೋಗಿ ನಿಂತರೆ ಕೇಳಿಬರುವುದೇನು? ಚೆಂಡು ಒಬ್ಬ ಹುಡುಗನ ಪಾದಕ್ಕೆ ತಾಗುವುದೇ ತಡ, "ಫುಟ್! ಫುಟ್!" ಎಂಬ ಕೂಗು ನಾಲ್ಕು ಕಡೆಯಿಂದಲೂ ಏಳುತ್ತದೆ. ಆಡುವವರು ಕೂಗುತ್ತಾರೆ, ನೋಡುವವರು ಕೂಗುತ್ತಾರೆ, ತರಬೇತಿ ಕೊಡುವ ಮಾಸ್ತರರೂ ಗೆರೆಯಾಚೆಯಿಂದ ಕೂಗುತ್ತಾರೆ. ಆ ಕೂಗಿಗೆ ಅಂಜಿ ಅಂಪೈರರು ಸೀಟಿಯನ್ನು ಊದಿಬಿಡುತ್ತಾರೆ. ಅದೇ ಮೈದಾನದಲ್ಲಿ, ನಾಲ್ಕು ಹೆಜ್ಜೆ ದೂರದಿಂದ ಬೀಸಿ ಹೊಡೆದ ಚೆಂಡು ನೆಲಬಿಟ್ಟೆದ್ದು ಒಬ್ಬ ಬಾಲಕನ ಮುಖದ ಪಕ್ಕದಲ್ಲಿಯೇ ಹಾದುಹೋದರೆ ಯಾರೂ ಬಾಯಿ ತೆರೆಯುವುದಿಲ್ಲ. "ಬಚಾವಾದ" ಎಂದು ನಕ್ಕು ಸುಮ್ಮನಾಗುತ್ತಾರೆ.

ಈ ಎರಡು ಪ್ರಸಂಗಗಳಲ್ಲಿಯೂ ನಿಯಮವು ತಲೆಕೆಳಗಾಗಿದೆ. ಮೊದಲನೆಯದು ಅನೇಕ ವೇಳೆ ತಪ್ಪೇ ಅಲ್ಲ. ಎರಡನೆಯದು ತಪ್ಪುಗಳಲ್ಲೆಲ್ಲ ದೊಡ್ಡದು. ನಿಯಮದ ಅಕ್ಷರವನ್ನು ಅರ್ಧಂಬರ್ಧವಾಗಿ ಕೇಳಿ, ಅದರ ಅಂತರಾರ್ಥವನ್ನು ವಿಚಾರಿಸದೆ ಇರುವುದರ ಫಲವಿದು. ಹಾಕಿಯ ನಿಯಮಗಳೆಲ್ಲವೂ ಎರಡು ಬೇರುಗಳಿಂದ ಹುಟ್ಟಿವೆ. ಆಡುವವನ ಮೈಗೆ ಅಪಾಯ ತಟ್ಟಬಾರದೆಂಬುದು ಒಂದು. ನಿಯಮವನ್ನು ಮುರಿದವನಿಗೆ ಅದರಿಂದ ಲಾಭವಾಗಬಾರದೆಂಬುದು ಇನ್ನೊಂದು. ಅಂತರರಾಷ್ಟ್ರೀಯ ಪಂದ್ಯದಲ್ಲಿ ಇವೆರಡೂ ಸರಿಸಮನಾಗಿ ತೂಗಬಹುದು. ಆದರೆ ಶಾಲೆಯ ಮೈದಾನದಲ್ಲಿ ಮೊದಲನೆಯದೇ ಮೊದಲು ಎಂಬುದು ನಮ್ಮ ಅಭಿಪ್ರಾಯ. ಒಂದು ಗೋಲು ಹೋದರೆ ನಾಳೆ ಮತ್ತೊಂದನ್ನು ಹೊಡೆಯಬಹುದು. ಮಗುವಿನ ಕಣ್ಣು ಹೋದರೆ ಯಾವ ಫ್ರೀ ಹಿಟ್ಟಿನಿಂದಲೂ ಅದು ಮರಳಿ ಬಾರದು.

ಮೊದಲು ಪಾದದ ಮಾತನ್ನೇ ಎತ್ತಿಕೊಳ್ಳೋಣ. ಗೋಲ್‌ಕೀಪರನ ಹೊರತು ಬೇರೆ ಆಟಗಾರರು ಚೆಂಡನ್ನು ಮೈಯಿಂದ ತಡೆಯುವುದಾಗಲಿ, ಒದೆಯುವುದಾಗಲಿ, ಒಯ್ಯುವುದಾಗಲಿ ಕೂಡದೆಂದು ನಿಯಮವು ಹೇಳುತ್ತದೆ, ನಿಜ. ಆದರೆ ಚೆಂಡು ಕಾಲಿಗೋ ಕೈಗೋ ತಗುಲಿದ ಮಾತ್ರಕ್ಕೆ ಅದು ಯಾವಾಗಲೂ ಅಪರಾಧವಾಗುವುದಿಲ್ಲವೆಂದೂ ಅದೇ ನಿಯಮವು ಸ್ಪಷ್ಟಪಡಿಸುತ್ತದೆ. ತಗುಲಿದುದರಿಂದ ಅವನಿಗೆ ಅನುಕೂಲವಾಗಿರಬೇಕು, ಇಲ್ಲವೆ ಚೆಂಡನ್ನು ಮೈಯಿಂದ ತಡೆಯಬೇಕೆಂಬ ಉದ್ದೇಶದಿಂದಲೇ ಅವನು ಅಲ್ಲಿ ನಿಂತಿರಬೇಕು. ಆಗ ಮಾತ್ರವೇ ಅಪರಾಧ. ಚೆಂಡು ಹುಡುಗನ ಬೂಟಿಗೆ ಸವರಿ ಎದುರಾಳಿಯ ಕೋಲಿಗೇ ಹೋಗಿ ಸೇರಿದರೆ, ಅಲ್ಲಿ ಸೀಟಿ ಊದುವುದು ಎದುರಾಳಿಗೇ ಮಾಡುವ ಅನ್ಯಾಯವಲ್ಲವೆ? ಅವನ ಓಟವನ್ನು ನಿಲ್ಲಿಸಿ, ಅವನ ಕೈಯಲ್ಲಿದ್ದ ಚೆಂಡನ್ನೇ ಕಿತ್ತು, ಉಪಕಾರವೆಂಬಂತೆ ಅವನಿಗೇ ತಿರುಗಿ ಕೊಟ್ಟಂತಾಗುವುದು.

ಇದರಿಂದಲೇ ಅನುಕೂಲದ ತತ್ತ್ವವು ತಿಳಿದುಬರುತ್ತದೆ. ಎದುರಾಳಿಯು ನಿಯಮ ಮುರಿದುದರಿಂದ ಒಬ್ಬ ಆಟಗಾರನಿಗೋ ತಂಡಕ್ಕೋ ನಷ್ಟವಾದಾಗ ಮಾತ್ರ ದಂಡ ವಿಧಿಸತಕ್ಕದ್ದು. ಆದುದರಿಂದ ಒಳ್ಳೆಯ ಅಂಪೈರರು ತಪ್ಪನ್ನು ಕಂಡೊಡನೆ ಊದುವುದಿಲ್ಲ. ಕ್ಷಣಕಾಲ ತಡೆದು, ಚೆಂಡು ಯಾರ ಪಾಲಾಯಿತೆಂದು ನೋಡಿ, ನಷ್ಟವಿಲ್ಲದಿದ್ದರೆ ಕೈಯನ್ನು ಮುಂದೆ ಚಾಚಿ ಆಟವನ್ನು ಸಾಗಗೊಡುತ್ತಾರೆ. ಹೀಗೆ ಸುಮ್ಮನಿರುವುದು ಊದುವುದಕ್ಕಿಂತ ಕಷ್ಟದ ವಿದ್ಯೆ. ಆದರೆ ಇದಕ್ಕೊಂದು ಎಲ್ಲೆಯುಂಟು. ತಪ್ಪಿನಿಂದ ಯಾರಿಗಾದರೂ ಪೆಟ್ಟಾಗಿದ್ದರೆ, ಅಥವಾ ಆಗುವ ಸಂಭವವಿದ್ದರೆ, ಮಕ್ಕಳ ಪಂದ್ಯದಲ್ಲಿ ಅನುಕೂಲದ ಲೆಕ್ಕವನ್ನು ಬದಿಗಿಟ್ಟು ಒಡನೆಯೇ ಊದಬೇಕು.

ಎರಡನೆಯದು ಮೇಲೆದ್ದ ಚೆಂಡಿನ ವಿಷಯ. ಇಲ್ಲಿಯೇ ಅಜ್ಞಾನಕ್ಕೆ ತೆರಬೇಕಾದ ಬೆಲೆ ಅಧಿಕ. ಗೋಲಿಗೆ ಗುರಿಯಿಟ್ಟಾಗ ಹೊರತು, ಬೀಸಿ ಹೊಡೆಯುವ ಹೊಡೆತದಿಂದ ಚೆಂಡನ್ನು ಬೇಕೆಂದು ಮೇಲೆಬ್ಬಿಸತಕ್ಕದ್ದಲ್ಲ. 5 ಮೀಟರಿನೊಳಗಿರುವ ಎದುರಾಳಿಯತ್ತ ಚೆಂಡನ್ನು ಚಿಮ್ಮಿಸಿ ಎತ್ತುವುದು ಅಪಾಯಕರವೆಂದೇ ಎಣಿಸಲ್ಪಡುತ್ತದೆ. ಮೇಲಿನಿಂದ ಬೀಳುತ್ತಿರುವ ಚೆಂಡನ್ನು ಒಬ್ಬನು ಹಿಡಿತಕ್ಕೆ ತೆಗೆದುಕೊಳ್ಳುತ್ತಿರುವಾಗ ಎದುರಾಳಿಯು 5 ಮೀಟರಿನೊಳಗೆ ನುಗ್ಗಿ ಅಪಾಯವನ್ನು ತಂದೊಡ್ಡತಕ್ಕದ್ದಲ್ಲ. ಅಪಾಯವೆಂದರೇನೆಂಬುದಕ್ಕೆ ನಿಯಮವು ಕೊಡುವ ಲಕ್ಷಣವು ಸರಳವಾಗಿದೆ: ತನ್ನನ್ನು ಕಾಪಾಡಿಕೊಳ್ಳಲು ಆಟಗಾರನು ನ್ಯಾಯವಾಗಿಯೇ ತಪ್ಪಿಸಿಕೊಳ್ಳಬೇಕಾಗಿ ಬಂದರೆ, ಆ ಚೆಂಡು ಅಪಾಯಕರ. ಯಾರಿಗಾದರೂ ತಗುಲಿ ರಕ್ತ ಬರಲೇಬೇಕೆಂದೇನೂ ಇಲ್ಲ.

ಇಲ್ಲಿ ಶಾಲೆಯ ಅಂಪೈರರು ಮರೆಯಬಾರದ ಒಂದು ಮಾತುಂಟು. ಅಪಾಯದ ಅಳತೆಗೋಲು ಎದುರಿಗಿರುವ ಆಟಗಾರನೇ. ಒಲಿಂಪಿಕ್ ಆಟಗಾರನು ಎದೆಯೆತ್ತರದ ಚೆಂಡನ್ನು ಕೋಲಿನಿಂದ ಲೀಲಾಜಾಲವಾಗಿ ಇಳಿಸಿಕೊಂಡಾನು. ಹನ್ನೆರಡು ವರುಷದ ಬಾಲಕಿಗೆ ಅದೇ ಚೆಂಡು ಗಂಡಾಂತರ. ದೂರದರ್ಶನದಲ್ಲಿ ಕಂಡ ತೀರ್ಪನ್ನು ತಂದು ಏಳನೆಯ ತರಗತಿಯ ಮಕ್ಕಳ ಮೇಲೆ ಹೇರುವವನು ನಿಯಮವನ್ನು ಬಲ್ಲವನಲ್ಲ. ಇನ್ನೊಂದು ಮಾತು. ದೊಡ್ಡ ಪಂದ್ಯಗಳು ನುಣುಪಾದ ಕೃತಕ ಹಾಸಿನ ಮೇಲೆ ನಡೆಯುತ್ತವೆ. ನಮ್ಮ ಬಹುತೇಕ ಶಾಲೆಗಳ ಮಕ್ಕಳು ಆಡುವುದು ಮಣ್ಣಿನ ಮೇಲೆ, ಹರಳುಕಲ್ಲುಗಳ ನಡುವೆ. ನೆಲದಲ್ಲಿ ಸಾಗುತ್ತಿದ್ದ ಚೆಂಡು ಕಲ್ಲಿಗೆ ಬಡಿದು ಎಗರಿದರೆ ಹೊಡೆದವನ ಅಪರಾಧವೇನು? ಅಂಥಲ್ಲಿ ಆಟವನ್ನು ನಿಲ್ಲಿಸಬೇಕು. ಆದರೆ ಯಾರಿಗೂ ದಂಡ ಬೇಡ. ದಂಡವಿಲ್ಲದೆ ಆಟ ನಿಂತಾಗ 'ಬುಲ್ಲಿ'ಯಿಂದ ಮತ್ತೆ ಆರಂಭಿಸಬೇಕೆಂದು ನಿಯಮದಲ್ಲಿಯೇ ದಾರಿಯುಂಟು. ಮಗುವೂ ಉಳಿಯಿತು, ನ್ಯಾಯವೂ ಉಳಿಯಿತು.

ಪೆನಾಲ್ಟಿ ಕಾರ್ನರಿನಲ್ಲಿ ಈ ಎಚ್ಚರವು ಇಮ್ಮಡಿಯಾಗಿರಬೇಕು. ಮೊದಲನೆಯ ಗುರಿಯು ಬೀಸಿ ಹೊಡೆದ ಹೊಡೆತವಾಗಿದ್ದರೆ, ಚೆಂಡು ಗೋಲಿನ ಗೆರೆಯನ್ನು 460 ಮಿಲಿಮೀಟರಿಗಿಂತ, ಎಂದರೆ ಗೋಲಿನ ಹಿಂದಿನ ಹಲಗೆಯ ಎತ್ತರಕ್ಕಿಂತ, ಮೇಲೆ ದಾಟಿದರೆ ಅದು ಗೋಲಲ್ಲ. 5 ಮೀಟರಿನೊಳಗೆ ಎದುರಾಗಿ ಬಂದ ರಕ್ಷಕನಿಗೆ ಮೊದಲ ಹೊಡೆತದ ಚೆಂಡು ಮೊಣಕಾಲಿನ ಕೆಳಗೆ ತಗುಲಿದರೆ ಮತ್ತೊಂದು ಕಾರ್ನರು; ಸಹಜವಾಗಿ ನಿಂತಿರುವವನಿಗೆ ಮೊಣಕಾಲಿಗೋ ಅದಕ್ಕಿಂತ ಮೇಲೋ ತಗುಲಿದರೆ ಹೊಡೆತವೇ ಅಪಾಯಕರವೆಂದೆಣಿಸಿ ರಕ್ಷಿಸುವ ತಂಡಕ್ಕೆ ಫ್ರೀ ಹಿಟ್. ಈ ಒಂದು ಮೊಣಕಾಲಿನ ಗೆರೆಯನ್ನು ತಿಳಿಯದೆ ಎಷ್ಟು ಶಾಲಾ ಪಂದ್ಯಗಳು ಜಗಳದಲ್ಲಿ ಮುಗಿದಿವೆಯೋ!

ಮೂರನೆಯದು ಅಡ್ಡಗಟ್ಟುವಿಕೆ, ಆಟಗಾರರ ಮಾತಿನಲ್ಲಿ 'ಅಬ್‌ಸ್ಟ್ರಕ್ಷನ್'. ಚೆಂಡಿಗೆ ಬೆನ್ನು ಕೊಟ್ಟು ನಿಂತವನೆಲ್ಲ ಅಪರಾಧಿಯೆಂದು ತಿಳಿಯುವುದು ಹಳೆಯ ಭ್ರಾಂತಿ. ನಿಂತಲ್ಲಿಯೇ ಚೆಂಡನ್ನು ಪಡೆಯುವವನು ಯಾವ ದಿಕ್ಕಿಗಾದರೂ ಮುಖ ಮಾಡಿರಬಹುದು. ಎದುರಾಳಿಯು ಚೆಂಡನ್ನು ಆಡಬಲ್ಲಷ್ಟು ಹತ್ತಿರದಲ್ಲಿದ್ದು, ಅದನ್ನು ಆಡಲು ನಿಜವಾಗಿಯೂ ಯತ್ನಿಸುತ್ತಿರುವಾಗ, ನಡುವೆ ಮೈಯನ್ನೋ ಕೋಲನ್ನೋ ತೂರಿಸಿ ತಡೆದರೆ, ಅಥವಾ ಅವನ ಮೇಲೆಯೇ ಹಿಂದುಹಿಂದಾಗಿ ಒತ್ತಿದರೆ, ಆಗ ತಪ್ಪು. ಹಿಂದೆ ನಿಂತು ಕೈಯೆತ್ತಿ ಕೂಗಿದ ಮಾತ್ರಕ್ಕೆ ಯತ್ನಿಸಿದಂತಾಗುವುದಿಲ್ಲ. ಚೆಂಡು ಬೇಕಾದವನು ಕಾಲನ್ನು ಓಡಿಸಲಿ, ನಾಲಗೆಯನ್ನಲ್ಲ ಎಂದು ಮಕ್ಕಳಿಗೆ ಹೇಳಿಕೊಡತಕ್ಕದ್ದು.

ಇನ್ನು ತರಬೇತುದಾರರನ್ನು ಕುರಿತು ವಿನಯದಿಂದ ಎರಡು ಮಾತು. ನಮ್ಮಲ್ಲಿ ಅನೇಕರು ತಾವು ಆಡಿದ ಕಾಲದ ನಿಯಮವನ್ನೇ ಇಂದಿಗೂ ಕಲಿಸುವುದುಂಟು. ಹೆಗಲಿಗಿಂತ ಮೇಲೆ ಕೋಲನ್ನೆತ್ತಿ ಚೆಂಡನ್ನು ಆಡಬಾರದೆಂಬುದು ಒಂದು ಕಾಲದಲ್ಲಿ ಕಟ್ಟುನಿಟ್ಟಾದ ವಿಧಿಯಾಗಿತ್ತು. 2015ರಿಂದ ಅಪಾಯವಿಲ್ಲದಿದ್ದರೆ ಯಾವ ಎತ್ತರದಲ್ಲಾದರೂ ಆಡಬಹುದು. 'ಆಫ್‌ಸೈಡ್' ಎಂಬುದು 1996ರಲ್ಲಿ ಪ್ರಯೋಗಾರ್ಥವಾಗಿ ಕೈಬಿಡಲ್ಪಟ್ಟು 1998ರಲ್ಲಿ ಪೂರ್ಣವಾಗಿ ಹೋಯಿತು. ಫ್ರೀ ಹಿಟ್ ಪಡೆದವನು ತಾನೇ ಚೆಂಡನ್ನು ಮುಂದೆ ಒಯ್ಯಬಹುದೆಂಬ ಅನುಕೂಲವು 2009ರಲ್ಲಿ ಬಂದಿತು. ತಲಾ 35 ನಿಮಿಷಗಳ ಎರಡು ಭಾಗಗಳಿದ್ದ ಆಟವು ಈಗ 15 ನಿಮಿಷಗಳ ನಾಲ್ಕು ಭಾಗಗಳಾಗಿದೆ. ಮಕ್ಕಳ ಶಕ್ತಿಗೆ ತಕ್ಕಂತೆ ಅವಧಿಯನ್ನು ಮೊದಲೇ ಒಪ್ಪಿ ಇಳಿಸಿಕೊಳ್ಳಲು ಅವಕಾಶವೂ ಉಂಟು. ಇವನ್ನರಿಯದ ಗುರುವಿನ ಶಿಷ್ಯನು ಜಿಲ್ಲಾಮಟ್ಟದ ಪಂದ್ಯದಲ್ಲಿ ನಗೆಪಾಟಲಾದರೆ ತಪ್ಪು ಶಿಷ್ಯನದಲ್ಲ.

ಕೊನೆಯದಾಗಿ ಉದ್ದೇಶದ ಪ್ರಶ್ನೆ. ಗೋಲಿನ ಮುಂದಿನ ವೃತ್ತದೊಳಗೆ ರಕ್ಷಕನು ಅರಿಯದೆ ಮಾಡಿದ ತಪ್ಪಿನಿಂದ ಬಹುಮಟ್ಟಿಗೆ ಆಗಬಹುದಾಗಿದ್ದ ಗೋಲು ತಪ್ಪಿರದಿದ್ದರೆ ಪೆನಾಲ್ಟಿ ಕಾರ್ನರು. ಆಗುತ್ತಿದ್ದ ಗೋಲು ಅದರಿಂದ ತಪ್ಪಿಹೋಗಿದ್ದರೆ, ಅಥವಾ ಚೆಂಡನ್ನು ಹಿಡಿತದಲ್ಲಿಟ್ಟುಕೊಂಡ ಎದುರಾಳಿಯ ಮೇಲೆ ಬೇಕೆಂದೇ ತಪ್ಪು ಮಾಡಿದ್ದರೆ, ಪೆನಾಲ್ಟಿ ಸ್ಟ್ರೋಕು. ನಡತೆಗೆ ಸಂಬಂಧಿಸಿದ ದಂಡವೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿದೆ: ಹಸುರು ಕಾರ್ಡಿಗೆ 2 ನಿಮಿಷ, ಹಳದಿಗೆ ಕನಿಷ್ಠ 5 ನಿಮಿಷ ಹೊರಗೆ, ಕೆಂಪಿಗೆ ಆ ಪಂದ್ಯದಲ್ಲಿ ಮತ್ತೆ ಪ್ರವೇಶವಿಲ್ಲ. ಇನ್ನೊಬ್ಬನ ಮನಸ್ಸಿನೊಳಗಿನ ಉದ್ದೇಶವನ್ನು ಹೊರಗಿನಿಂದ ನಿರ್ಣಯಿಸುವುದು ಸುಲಭವಲ್ಲ; ಅಂಥ ನಿರ್ಣಯವು ವಿವಾದಕ್ಕೆ ಗುರಿಯಾಗುವುದೂ ಸಹಜ. 2024ರ ಆಗಸ್ಟ್ 4ರಂದು ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಎದುರು ನಡೆದ ಪಂದ್ಯದಲ್ಲಿ ನಮ್ಮ ಅಮಿತ್ ರೋಹಿದಾಸರ ಕೋಲು ಎದುರಾಳಿಯ ಮುಖಕ್ಕೆ ತಗುಲಿ, 17ನೆಯ ನಿಮಿಷದಲ್ಲಿಯೇ ಅವರಿಗೆ ಕೆಂಪು ಕಾರ್ಡು ಬಂದುದನ್ನು ವಾಚಕರು ಮರೆತಿರಲಾರರು. ಅದು ಉದ್ದೇಶಪೂರ್ವಕವೇ ಅಲ್ಲವೇ ಎಂಬ ಚರ್ಚೆ ಬಹಳ ನಡೆಯಿತು. ಆದರೆ ಮೈದಾನದಲ್ಲಿದ್ದ ಉಳಿದ 10 ಜನರು ಮಾಡಿದುದೇನು? ತೀರ್ಪಿಗೆ ತಲೆಬಾಗಿ, ನಲವತ್ತಕ್ಕೂ ಮಿಗಿಲಾದ ನಿಮಿಷ ಹೋರಾಡಿ, 1-1ರ ಸಮಸ್ಥಿತಿಯನ್ನು ಕಾಯ್ದುಕೊಂಡು, ಶೂಟ್‌ಔಟಿನಲ್ಲಿ 4-2ರಿಂದ ಗೆದ್ದರು. ತೀರ್ಪು ನಮ್ಮ ಕಡೆಗೆ ಬಂದ ದಿನವೂ ಉಂಟು. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಅಶೋಕ್ ಕುಮಾರರು ಹೊಡೆದ ಚೆಂಡು ಗೋಲಿನ ಮೂಲೆಗೆ ಬಡಿದು ಹೊರಕ್ಕೆ ಚಿಮ್ಮಿತು. ಪಾಕಿಸ್ತಾನದವರು ಆಕ್ಷೇಪಿಸಿದರೂ ಅಂಪೈರರು ಗೋಲೆಂದರು. 2-1ರಿಂದ ಕಪ್ಪು ನಮ್ಮದಾಯಿತು. ಸಿಹಿಯಾದ ತೀರ್ಪನ್ನು ಸ್ವೀಕರಿಸುವವನು ಕಹಿಯಾದುದನ್ನೂ ಸ್ವೀಕರಿಸಬೇಕು. ಶಾಲೆಯ ಹುಡುಗನಿಗೆ ಹಾಕಿಯು ಕಲಿಸಬಹುದಾದ ಪೌರಧರ್ಮದಲ್ಲಿ ಇದಕ್ಕಿಂತ ಮಿಗಿಲಾದುದು ಯಾವುದು?

ಕನ್ನಡ ನಾಡಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯುಂಟು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯರಂಥ ಆಟಗಾರರನ್ನು ಕೊಟ್ಟುದು ಕೊಡಗು. 1997ರಿಂದ ಅಲ್ಲಿ ನಡೆದುಬಂದಿರುವ ಕುಟುಂಬಗಳ ಹಾಕಿ ಹಬ್ಬದಲ್ಲಿ ಹಿರಿಯರೂ ಕಿರಿಯರೂ, ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಕೋಲು ಹಿಡಿದು ನಿಲ್ಲುವರು. ಅಂಥ ಆಟವು ಅಂಪೈರರ ವಿವೇಕವಿಲ್ಲದೆ ಒಂದು ದಿನವಾದರೂ ನಡೆದೀತೆ? ಆಡುವವರಷ್ಟೇ ಅಲ್ಲ, ತೀರ್ಪು ಹೇಳುವವರೂ ನಮ್ಮಲ್ಲಿ ಹುಟ್ಟಿದ್ದಾರೆ. ಬೆಂಗಳೂರಿನ ರಘುಪ್ರಸಾದರು ಒಂದಕ್ಕಿಂತ ಹೆಚ್ಚು ಒಲಿಂಪಿಕ್ ಕೂಟಗಳಲ್ಲಿ ಸೀಟಿ ಹಿಡಿದವರು. 2021ರಲ್ಲಿ ಅಕಾಲದಲ್ಲಿ ತೀರಿಕೊಂಡ ಕೊಡಗಿನ ಅನುಪಮಾ ಪುಚ್ಚಿಮಂಡರು ಆಟಗಾರ್ತಿಯಾಗಿದ್ದು ಅನಂತರ ಅಂತರರಾಷ್ಟ್ರೀಯ ಅಂಪೈರರಾದರು. ಆಡಲು ಬಾರದವನ ಕೈಗೆ ಸೀಟಿ ಕೊಡುವ ನಮ್ಮ ಶಾಲೆಗಳ ರೂಢಿಗೆ ಈ ಇಬ್ಬರ ಜೀವನವೇ ಉತ್ತರ.

ಹಾಗಾದರೆ ಮಾಡಬೇಕಾದುದೇನು? ಹೆಚ್ಚಿನ ಹಣವಾಗಲಿ ಹೊಸ ಕಟ್ಟಡವಾಗಲಿ ಬೇಕಾದುದಿಲ್ಲ. ಮೊದಲನೆಯದಾಗಿ, ಮುಖ್ಯ ನಿಯಮಗಳನ್ನು ಸುಲಭವಾದ ಕನ್ನಡದಲ್ಲಿ ಕೆಲವೇ ಪುಟಗಳಲ್ಲಿ ಅಚ್ಚುಮಾಡಿಸಿ, ಹಾಕಿ ಆಡುವ ಪ್ರತಿಯೊಂದು ಶಾಲೆಯ ದೈಹಿಕ ಶಿಕ್ಷಣದ ಉಪಾಧ್ಯಾಯರಿಗೂ ವಿದ್ಯಾ ಇಲಾಖೆಯವರು ಮುಟ್ಟಿಸಲಿ. ನಿಯಮ ಬದಲಾದಾಗ ಪುಟವೂ ಬದಲಾಗಲಿ. ಎರಡನೆಯದಾಗಿ, ಪಂದ್ಯಕ್ಕೆ ನಿಯಮದಂತೆ ಇಬ್ಬರು ಅಂಪೈರರಿರಲಿ. ಆಡುತ್ತಿರುವ ತಂಡದ ಮಾಸ್ತರರೇ ಸೀಟಿ ಹಿಡಿಯುವ ಪದ್ಧತಿ ನಿಲ್ಲಲಿ. ಮೂರನೆಯದಾಗಿ, ಕಣಕಾಲಿನ ಪ್ಯಾಡೂ ಹಲ್ಲಿನ ಕಾಪೂ ಇಲ್ಲದ ಮಗುವನ್ನು ಮುಖ್ಯೋಪಾಧ್ಯಾಯರು ಮೈದಾನಕ್ಕಿಳಿಸದಿರಲಿ. ನಾಲ್ಕನೆಯದಾಗಿ, ಆಟದ ಮೊದಲು ಅಂಪೈರರು ಎರಡೂ ತಂಡಗಳನ್ನು ಕರೆದು, ಯಾವುದನ್ನು ಊದುವೆನು, ಯಾವುದನ್ನು ಬಿಡುವೆನು ಎಂದು ಐದು ನಿಮಿಷ ತಿಳಿಸಿ ಹೇಳಲಿ. ಮೊದಲೇ ಕೇಳಿ ತಿಳಿದವನು ಆಮೇಲೆ ಕೂಗುವುದು ಕಡಿಮೆ.

ತಂದೆತಾಯಿಗಳೂ ನೋಡಲು ಬರುವ ಮಹನೀಯರೂ ಇಷ್ಟನ್ನು ನಡೆಸಿಕೊಟ್ಟರೆ ಸಾಕು: ಚೆಂಡು ಪಾದಕ್ಕೆ ತಾಗಿದಾಗ ಸುಮ್ಮನಿರಿ, ಮುಖದೆತ್ತರಕ್ಕೆ ಎದ್ದಾಗ, ಅದು ನಿಮ್ಮ ತಂಡದ ಹೊಡೆತವೇ ಆಗಿದ್ದರೂ, ಅಂಪೈರರು ಊದಿದುದನ್ನು ಮೆಚ್ಚಿರಿ. ನಿಯಮವು ಮಕ್ಕಳ ಆಟವನ್ನು ಕಟ್ಟಿಹಾಕುವ ಹಗ್ಗವಲ್ಲ. ಅವರು ನಿರ್ಭಯವಾಗಿ ಓಡಾಡಲೆಂದು ನಾವು ಕಟ್ಟಿದ ಬೇಲಿ. ಬೇಲಿಯನ್ನು ಎಲ್ಲಿ ಹಾಕಿದ್ದೇವೆಂಬುದನ್ನು ಹಿರಿಯರಾದ ನಾವೇ ಮೊದಲು ತಿಳಿದುಕೊಳ್ಳಬೇಕು.