ಹಳೆಯ ಪಿನ್‌ಬಾಲ್ ಯಂತ್ರಕ್ಕೆ ಬೆಲೆ ಕಟ್ಟುವ ಬಗೆ

ಪಿನ್‌ಬಾಲ್ ಯಂತ್ರವನ್ನು ಕೊಳ್ಳಹೊರಟವರು ವಿರಳತೆಯೊಂದನ್ನೇ ನಂಬಿ ಹಣ ಸುರಿಯಬಾರದು. ಷಿಕಾಗೋದಲ್ಲಿ 1992ರಲ್ಲಿ ಹೊರಬಂದ ‘ಆ್ಯಡಮ್ಸ್ ಫ್ಯಾಮಿಲಿ’ ಯಂತ್ರಗಳು 20,000ಕ್ಕೂ ಹೆಚ್ಚು ತಯಾರಾದವು. ಆದರೂ ಎಷ್ಟೋ ವಿರಳವಾದ 1960ರ ದಶಕದ ಅನೇಕ ಯಂತ್ರಗಳಿಗಿಂತ ಅದು ದುಬಾರಿ. ಜನ ಅದನ್ನು ಆಡಲೆಂದೇ ಬಯಸುತ್ತಾರೆ.

ಹಳೆಯ ಯಂತ್ರದಲ್ಲಿ ನಾನು ಮೊದಲು ನೋಡುವುದು ಮೇಲಿನ ಚಿತ್ರಗಾಜನ್ನು. ಬಣ್ಣವನ್ನು ಗಾಜಿನ ಹಿಂಬದಿಗೆ ಅಚ್ಚೊತ್ತಿರುತ್ತಾರೆ. ದೀಪಗಳ ಕಾವು, ಉಗ್ರಾಣದ ತೇವಗಳಿಂದ ಅದು ಹಕ್ಕಳೆಯೆದ್ದು ಉದುರುತ್ತದೆ. ಸುಟ್ಟ ತಂತಿಸುರುಳಿಯನ್ನು ಬದಲಿಸಬಹುದು, ರಬ್ಬರು ಉಂಗುರಗಳಂತೂ ಅಗ್ಗ. ಉದುರಿದ ಚಿತ್ರ ಮಾತ್ರ ಮರಳದು. ನಕಲು ಗಾಜು ಎಲ್ಲ ಯಂತ್ರಗಳಿಗೂ ದೊರೆಯುವುದಿಲ್ಲ. ಬಳಿಕ ಆಟದ ಹಲಗೆ: ಚೆಂಡು ಉಜ್ಜಿ ಮರ ಕಂಡಿದೆಯೇ? 1970ರ ದಶಕದ ಕೊನೆಯಿಂದೀಚಿನ ಎಲೆಕ್ಟ್ರಾನಿಕ್ ಯಂತ್ರವಾದರೆ, ದೀಪ ಬೆಳಗಿದ್ದಕ್ಕೆ ಮರುಳಾಗದೆ ಚಿತ್ರಗಾಜಿನ ಹಿಂದಿನ ಪೆಟ್ಟಿಗೆಯನ್ನು ತೆರೆಸಿರಿ. ಸೋರಿದ ಬ್ಯಾಟರಿಯ ಕ್ಷಾರವು ಸರ್ಕ್ಯೂಟ್ ಹಲಗೆಯ ತಾಮ್ರವನ್ನು ತಿಂದುಹಾಕಿರಬಹುದು.