ಬ್ರೇಕಿನ ಬಿಸಿ



ಘಾಟು ಇಳಿದು ಬಂದ ಕಲ್ಲಿನ ಲಾರಿಯ ಚಕ್ರದಿಂದ ಏಳುವ ಸುಟ್ಟ ವಾಸನೆ ತಾಂಡೂರಿನ ಕಡೆಯವರಿಗೆ ಹೊಸದಲ್ಲ. ಮನೆಯ ಕಾರನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ಯಬೇಕೆನ್ನುವ ಹುಡುಗರು ಎದುರಿಸಬೇಕಾದದ್ದೂ ಅದೇ ಬಿಸಿಯನ್ನು. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ, ಆ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು ಕುದಿ ಬರುವಷ್ಟು ಕಾಯಿಸಬಹುದು. ಟ್ರ್ಯಾಕಿನಲ್ಲಿ ತಿರುವು ತಿರುವಿಗೂ ಬ್ರೇಕು. ಆರಲು ಪುರುಸೊತ್ತೇ ಇಲ್ಲ.

ಹಾಗಾದರೆ ಮೊದಲು ಬದಲಿಸಬೇಕಾದದ್ದು ಏನು? ದೊಡ್ಡ ಡಿಸ್ಕ್ ಅಲ್ಲ, ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಜಹೀರಾಬಾದಿನಲ್ಲೇ ಮೆಕ್ಯಾನಿಕ್‌ಗೆ ಹೇಳಿ ಹಳೆಯದನ್ನು ಪೂರ್ತಿ ತೆಗೆಸಿ, ಹೊಸದು ಹಾಕಿಸಿ ಹೊರಡಿ.

ಆಮೇಲೆ ಪ್ಯಾಡು. ಅಪ್ಪಟ ರೇಸಿನ ಪ್ಯಾಡು ಕಾದಾಗ ಚೆನ್ನಾಗಿ ಹಿಡಿಯುತ್ತದೆ, ತಣ್ಣಗಿದ್ದಾಗ ಅಷ್ಟಾಗಿ ಹಿಡಿಯುವುದಿಲ್ಲ. ಊರಿಗೆ ಮರಳಿದ ಮೇಲೆ ಬೆಳಗಿನ ಚಳಿಯಲ್ಲಿ ನಾರಾಯಣಖೇಡದ ರಸ್ತೆಗೆ ಎಮ್ಮೆ ಅಡ್ಡ ಬಂದರೆ? ಮೊದಲ ಒತ್ತಿಗೇ ಹಿಡಿಯಬೇಕಲ್ಲ! ರಸ್ತೆಗೂ ಟ್ರ್ಯಾಕಿಗೂ ಒಗ್ಗುವ ಪ್ಯಾಡೇ ಲೇಸು.

ದೊಡ್ಡ ಡಿಸ್ಕು ಬಿಸಿ ತಾಳುತ್ತದೆ, ನಿಜ. ಆದರೆ ಈಗಿನ ಬ್ರೇಕೇ ಚಕ್ರವನ್ನು ಲಾಕ್ ಮಾಡುವಷ್ಟು ಬಲವಾಗಿದ್ದರೆ, ನಿಲ್ಲುವ ದೂರ ಕಡಿಮೆ ಮಾಡುವುದು ಟೈರಿನ ಕೆಲಸ.

ಟ್ರ್ಯಾಕಿನಿಂದ ಹೊರಬರುವ ಮುನ್ನ ಒಂದು ಸುತ್ತು ಮೆಲ್ಲಗೆ ಓಡಿಸಿ ಬ್ರೇಕು ಆರಗೊಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ.